ಪಿಲಾಟೀಸ್ ಕಲಿಸುವ ಬಗೆ: ಮೊದಲು ನೋಟ, ಆಮೇಲೆ ಮಾತು

ಪಿಲಾಟೀಸ್ ವ್ಯಾಯಾಮವನ್ನು ಚೆನ್ನಾಗಿ ಮಾಡಬಲ್ಲವರೆಲ್ಲ ಅದನ್ನು ಚೆನ್ನಾಗಿ ಕಲಿಸಬಲ್ಲರು ಎನ್ನಲಾಗದು. ಮಾಡುವವರಿಗೆ ತಮ್ಮ ದೇಹವೊಂದು ತಿಳಿದಿದ್ದರೆ ಸಾಕು. ಕಲಿಸುವವರು ಎದುರಿಗೆ ಬಂದು ನಿಂತ ಹತ್ತು ಬಗೆಯ ದೇಹಗಳನ್ನು ಓದಬೇಕಾಗುತ್ತದೆ. ಬಳ್ಳಾರಿಯಲ್ಲಿ ನಾನು ನಡೆಸುವ ಸಣ್ಣ ತರಗತಿಗೆ ಜೀನ್ಸ್ ಹೊಲಿಯುವ ಘಟಕಗಳಲ್ಲಿ ದಿನವಿಡೀ ಮಷಿನ್ ಮೇಲೆ ಬಾಗಿ ಕೂರುವವರು ಬರುತ್ತಾರೆ, ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು ಬರುತ್ತಾರೆ, ಹೆರಿಗೆಯಾಗಿ ಐದಾರು ತಿಂಗಳಾದ ತಾಯಂದಿರೂ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ನೇರವಾಗಿ ಬರುವ ಅಜ್ಜಿಯರೂ ಇದ್ದಾರೆ. ಇವರೆಲ್ಲರಿಗೂ ಒಂದೇ ವ್ಯಾಯಾಮವನ್ನು ಒಂದೇ ಮಾತಿನಲ್ಲಿ ಹೇಳಿಕೊಡಲು ಹೊರಟರೆ ಯಾರಿಗೂ ಏನೂ ದಕ್ಕುವುದಿಲ್ಲ. ಮ್ಯಾಟ್ ಪಿಲಾಟೀಸನ್ನು, ಅಂದರೆ ಉಪಕರಣಗಳಿಲ್ಲದೆ ನೆಲದ ಮೇಲೆ ಮಾಡುವ ಪಿಲಾಟೀಸನ್ನು, ತಕ್ಕಮಟ್ಟಿಗೆ ಕಲಿತು, ಬಳ್ಳಾರಿ, ಕೊಪ್ಪಳ, ರಾಯಚೂರಿನಂತಹ ಊರುಗಳಲ್ಲಿ ನಾಲ್ಕು ಜನರಿಗೆ ಕಲಿಸಬೇಕೆಂದಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಈ ಪದ್ಧತಿಯನ್ನು ರೂಪಿಸಿದ ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಅಸ್ತಮಾದಿಂದ ನರಳಿದ ಅವರು ತಮ್ಮ ದೇಹವನ್ನು ತಾವೇ ತಿದ್ದಿಕೊಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಶತ್ರುದೇಶದವರೆಂದು ಬಂಧನ ಶಿಬಿರದಲ್ಲಿದ್ದಾಗಲೂ ಈ ಕೆಲಸವನ್ನು ಬಿಡಲಿಲ್ಲ. 1920ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ ಬಾಳಸಂಗಾತಿ ಕ್ಲಾರಾ ಅವರೊಡನೆ ಅಲ್ಲಿ ಸ್ಟುಡಿಯೋ ತೆರೆದರು. ತಮ್ಮ ಪದ್ಧತಿಗೆ ಅವರು ಇಟ್ಟಿದ್ದ ಹೆಸರು ಕಂಟ್ರಾಲಜಿ, ಅಂದರೆ ಹಿಡಿತದ ವಿದ್ಯೆ. 1945ರ ತಮ್ಮ ಪುಸ್ತಕದಲ್ಲಿ ನೆಲದ ಮೇಲೆ ಮಾಡುವ 34 ವ್ಯಾಯಾಮಗಳನ್ನು ಅವರು ವಿವರಿಸಿದ್ದಾರೆ. ಇಂದು ಎಲ್ಲ ತರಬೇತಿಗಳಲ್ಲೂ ಬಾಯಿಪಾಠ ಮಾಡಿಸುವ ಆರು ತತ್ತ್ವಗಳು, ಅಂದರೆ ಏಕಾಗ್ರತೆ, ಹಿಡಿತ, ಕೇಂದ್ರ, ಖಚಿತತೆ, ಉಸಿರು ಮತ್ತು ಹರಿವು, ಅವರ ಬೋಧನೆಯಲ್ಲಿ ಹರಡಿಕೊಂಡಿದ್ದವು. ಅವು ಆರರ ಪಟ್ಟಿಯಾಗಿ ಪ್ರಚಾರಕ್ಕೆ ಬಂದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಫಿಲಿಪ್ ಫ್ರೀಡ್‌ಮನ್ ಮತ್ತು ಗೇಲ್ ಐಸೆನ್ 1980ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಹೊಸದಾಗಿ ಕಲಿಸುವವರು ಈ ಆರನ್ನು ಮೊದಲ ದಿನವೇ ಗೋಡೆಗೆ ಅಂಟಿಸಿ ಪಾಠ ಮಾಡಿಬಿಡುತ್ತಾರೆ. ಕಲಿಯಲು ಬಂದವರಿಗೆ ಆ ಪಟ್ಟಿಯಿಂದ ಯಾವ ಉಪಯೋಗವೂ ಇಲ್ಲ. ಅದು ಕಲಿಸುವವರ ತಲೆಯಲ್ಲಿದ್ದು, ಯಾವ ಹೊತ್ತಿಗೆ ಏನು ಹೇಳಬೇಕು, ಏನನ್ನು ಹೇಳದೆ ಬಿಡಬೇಕು ಎಂಬುದನ್ನು ತೀರ್ಮಾನಿಸಬೇಕು.

ಇನ್ನೊಂದು ವಿಷಯವೂ ತಿಳಿದಿರಲಿ. 2000ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಪಿಲಾಟೀಸ್ ಎಂಬುದು ಯೋಗ, ಕರಾಟೆಗಳ ಹಾಗೆ ಒಂದು ವ್ಯಾಯಾಮ ಪದ್ಧತಿಯ ಹೆಸರೇ ಹೊರತು ಯಾರೊಬ್ಬರ ಟ್ರೇಡ್‌ಮಾರ್ಕ್ ಆಗಿ ಉಳಿಯಲಾರದು ಎಂದು ತೀರ್ಪು ಕೊಟ್ಟಿತು. ಆ ಹೆಸರು ಹೀಗೆ ಎಲ್ಲರ ಸೊತ್ತಾದ್ದರಿಂದ ಬೋರ್ಡ್ ಹಾಕುವುದು ಸುಲಭವಾಗಿದೆ. ಬೋರ್ಡ್ ನೋಡಿ ಒಳಗೆ ಬಂದವರ ಬೆನ್ನೆಲುಬಿನ ಹೊಣೆ ಮಾತ್ರ ಪೂರ್ತಿಯಾಗಿ ನಮ್ಮ ಮೇಲೆಯೇ ಬೀಳುತ್ತದೆ.

ಮ್ಯಾಟ್ ಹಾಸುವ ಮೊದಲು

ಹೊಸಬರು ಬಂದ ದಿನ ಮೊದಲ ಹದಿನೈದು ನಿಮಿಷಗಳನ್ನು ಮಾತಿಗೆ ಮೀಸಲಿಡಿ. ಏನು ಕೆಲಸ ಮಾಡುತ್ತಾರೆ, ದಿನದಲ್ಲಿ ಎಷ್ಟು ಹೊತ್ತು ಬಾಗಿರುತ್ತಾರೆ, ಎಲ್ಲಿ ನೋಯುತ್ತದೆ, ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿರಿ. ಬಿಪಿ, ಸಕ್ಕರೆ ಕಾಯಿಲೆ, ಅಸ್ತಮಾ, ಬೆನ್ನಿನ ಡಿಸ್ಕ್ ಜರುಗಿದ್ದು, ಎಲುಬು ಟೊಳ್ಳಾಗುವ ಸವೆತ (ಆಸ್ಟಿಯೊಪೊರೋಸಿಸ್), ಸಿಸೇರಿಯನ್, ಗರ್ಭಕೋಶ ತೆಗೆಸಿದ ಶಸ್ತ್ರಚಿಕಿತ್ಸೆ, ಇವನ್ನು ಒಂದೊಂದಾಗಿ ಹೆಸರಿಸಿಯೇ ಕೇಳಬೇಕು. "ಏನಾದರೂ ತೊಂದರೆ ಇದೆಯೇ" ಎಂದು ಒಟ್ಟಾಗಿ ಕೇಳಿದರೆ ನಮ್ಮ ಕಡೆಯ ಹೆಣ್ಣುಮಕ್ಕಳು "ಏನಿಲ್ರಿ, ಆರಾಮ ಅದೀನಿ" ಎಂದೇ ಹೇಳುತ್ತಾರೆ. ಮೂರನೆಯ ವಾರ, ಮಾತಿನ ನಡುವೆ, ಎರಡು ವರ್ಷದ ಹಿಂದೆ ಆಪರೇಷನ್ ಆಗಿತ್ತೆಂಬುದು ಹೊರಬೀಳುತ್ತದೆ. ನೋವು ಕಾಲಿನವರೆಗೆ ಹರಿದು ಜುಮುಗುಟ್ಟುವುದು, ಪಾದ ಮರಗಟ್ಟುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಮುಂತಾದ ಲಕ್ಷಣಗಳನ್ನು ಹೇಳಿದರೆ ಆ ದಿನ ಯಾವ ವ್ಯಾಯಾಮವನ್ನೂ ಮಾಡಿಸದೆ ವೈದ್ಯರ ಬಳಿಗೆ ಕಳಿಸಬೇಕು. ಮೂತ್ರದ ಹಿಡಿತ ಒಮ್ಮೆಲೇ ತಪ್ಪಿದ್ದರೆ ಅಂದೇ ಹೋಗುವಂತೆ ಒತ್ತಾಯಿಸಿ.

ಆಮೇಲೆ ನೋಡುವ ಕೆಲಸ. ಬಂದವರು ಚಪ್ಪಲಿ ಬಿಡಲು ಬಾಗುವ ರೀತಿ, ಬ್ಯಾಗನ್ನು ನೆಲಕ್ಕಿಡುವ ರೀತಿ, ಕೂತಲ್ಲಿಂದ ಏಳಲು ಯಾವ ಕೈ ಊರುತ್ತಾರೆ ಎಂಬುದು, ಇವೆಲ್ಲ ಅವರಿಗೆ ಅರಿವಿಲ್ಲದೆ ನಡೆಯುವುದರಿಂದ ನಿಜವನ್ನೇ ಹೇಳುತ್ತವೆ. "ನೆಟ್ಟಗೆ ನಿಲ್ಲಿ, ನೋಡುತ್ತೇನೆ" ಎಂದ ಕೂಡಲೇ ಯಾರೇ ಆದರೂ ಎದೆ ಉಬ್ಬಿಸಿ ಬೇರೆಯೇ ಮನುಷ್ಯರಾಗಿಬಿಡುತ್ತಾರೆ. ದಿನವೂ ಮುಂದಕ್ಕೆ ಬಾಗಿ ದುಡಿಯುವವರ ಮೇಲ್ಬೆನ್ನು ಗೂನಾಗಿ, ಹೆಡಕು ಮುಂದೆ ಬಂದಿರುತ್ತದೆ. ಜೀನ್ಸ್ ಹೊಲಿಯುವವರಲ್ಲಿ ಇದು ಎದ್ದು ಕಾಣುತ್ತದೆ. ಗಂಗಾವತಿ, ಸಿಂಧನೂರು ಕಡೆ ಭತ್ತದ ನಾಟಿಗೆ ಹೋಗುವವರಲ್ಲಿ, ಕಿನ್ನಾಳದ ಗೊಂಬೆ ಕೆಲಸದವರಂತೆ ನೆಲದ ಮೇಲೆ ಕೂತು ಸಣ್ಣ ಕುಸುರಿ ಮಾಡುವವರಲ್ಲಿ, ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಕೆಲಸದವರಲ್ಲಿ ಬಾಗುವ ಬಗೆ ಬೇರೆ ಬೇರೆ, ಆದರೆ ದಿಕ್ಕು ಒಂದೇ. ಹೀಗಿರುವವರಿಗೆ ಮೊದಲ ದಿನವೇ ಮತ್ತೆ ಮುಂದಕ್ಕೆ ಸುರುಳಿ ಸುತ್ತುವ ವ್ಯಾಯಾಮಗಳನ್ನು ಕೊಡುವುದೆಂದರೆ ದಿನದ ಕೂಲಿಯನ್ನು ಇನ್ನೊಂದು ಗಂಟೆ ಮುಂದುವರಿಸಿದಂತೆ.

ಉಸಿರು

ಆರು ತತ್ತ್ವಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕೆಂಬ ಬಗ್ಗೆ ಬೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ಕೇಂದ್ರವೇ ಮೊದಲು ಎನ್ನುವವರು ಹಲವರು. ನನ್ನ ಅನುಭವದಲ್ಲಿ ಉಸಿರೇ ಮೊದಲು. ಏಕೆಂದರೆ ಕಲಿಯುವವರು ಕಷ್ಟಪಡುತ್ತಿದ್ದಾರೆಂಬುದನ್ನು ಕಲಿಸುವವರಿಗೆ ಎಲ್ಲಕ್ಕಿಂತ ಮೊದಲು ತಿಳಿಸುವುದು ಉಸಿರು. ಮುಖದಲ್ಲಿ ನಗುವಿದ್ದರೂ ಉಸಿರು ಕಟ್ಟಿದ್ದರೆ ಆ ವ್ಯಾಯಾಮ ಅವರ ಅಳವಿಗೆ ಮೀರಿದೆ ಎಂದೇ ತಿಳಿಯಬೇಕು.

ನಮ್ಮಲ್ಲಿ ಬಹಳಷ್ಟು ಜನ ಯೋಗ ಶಿಬಿರಗಳಿಗೆ ಹೋಗಿ ಬಂದಿರುತ್ತಾರೆ, ಉಸಿರೆಳೆದಾಗ ಹೊಟ್ಟೆ ಉಬ್ಬಬೇಕೆಂದು ಕಲಿತಿರುತ್ತಾರೆ. ಅದು ತಪ್ಪೆಂದು ಹೇಳಬೇಡಿ, ಅದರ ಜಾಗ ಬೇರೆ. ಪಿಲಾಟೀಸಿನಲ್ಲಿ ಚಲನೆ ನಡೆಯುವಾಗ ಹೊಟ್ಟೆಯ ಗೋಡೆ ಹಗುರವಾಗಿ ಬಿಗಿದೇ ಇರಬೇಕಾದ್ದರಿಂದ, ಗಾಳಿಗೆ ಜಾಗ ಮಾಡಿಕೊಡಬೇಕಾದದ್ದು ಪಕ್ಕೆಲುಬುಗಳು. ಅವು ಬದಿಗೂ ಬೆನ್ನಿಗೂ ಅಗಲವಾಗಬೇಕು. ಇದನ್ನು ಮಾತಿನಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ. ಒಂದು ದುಪ್ಪಟ್ಟಾವನ್ನು ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ಬಳಸಿ, ಎರಡು ತುದಿಗಳನ್ನು ಮುಂದೆ ಅಡ್ಡಹಾಯಿಸಿ ಅವರ ಕೈಗೇ ಕೊಡಿ. ಮೂಗಿನಿಂದ ಉಸಿರೆಳೆದಾಗ ಬಟ್ಟೆ ಎರಡು ಬದಿಗೂ ಬಿಗಿಯಾಗಬೇಕು, ಬಿಟ್ಟಾಗ ಸಡಿಲವಾಗಬೇಕು. ಕೂತು ಆರು ಸಲ, ಮಲಗಿ ಆರು ಸಲ, ಅಷ್ಟೇ ಸಾಕು. ಬಟ್ಟೆ ಬಿಗಿಯಾಗದೆ ಹೆಗಲು ಮೇಲೇರುತ್ತಿದ್ದರೆ ಹೆಚ್ಚು ಗಾಳಿ ಎಳೆಯಲು ಹೊರಟಿದ್ದಾರೆಂದು ಅರ್ಥ. "ಅರ್ಧದಷ್ಟೇ ಎಳೆಯಿರಿ" ಎಂದರೆ ಸರಿಹೋಗುತ್ತದೆ.

ಎರಡನೆಯ ನಿಯಮ, ಶ್ರಮ ಬೀಳುವ ಹೊತ್ತಿಗೆ ಉಸಿರು ಹೊರಗೆ ಹೋಗುತ್ತಿರಬೇಕು. ತುಂಬಿದ ಕೊಡ ಎತ್ತುವಾಗ ಉಸಿರು ಕಟ್ಟುವುದು ನಮಗೆಲ್ಲ ರೂಢಿಯಾಗಿದೆ. ಉಸಿರು ಬಿಗಿಹಿಡಿದು ಬಲ ಹಾಕಿದಾಗ ರಕ್ತದ ಒತ್ತಡ ಒಮ್ಮೆಗೇ ಏರುತ್ತದೆ, ಬಿಪಿ ಇರುವವರಿಗೆ ಇದು ಅಪಾಯ. ಹೆರಿಗೆಯ ನಂತರ ಸಡಿಲವಾದ ಶ್ರೋಣಿ ತಳದ ಮೇಲೂ, ಅಂದರೆ ಸೊಂಟದ ಎಲುಬುಗೂಡಿನ ತಳದ ಸ್ನಾಯುಗಳ ಮೇಲೂ, ಆ ಒತ್ತಡ ಇಳಿಯುತ್ತದೆ. ಮೂಗಿನಿಂದ ಬಿಡಬೇಕೋ ಬಾಯಿಂದಲೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ತುಟಿ ಕಿರಿದು ಮಾಡಿ, ಬಿಸಿ ಚಹಾ ಆರಿಸುವಂತೆ ಬಿಟ್ಟರೆ ಹೊಟ್ಟೆಯ ಆಳದ ಸ್ನಾಯು ತಾನಾಗಿ ಎಚ್ಚರಗೊಳ್ಳುತ್ತದೆ ಎಂಬ ಕಾರಣಕ್ಕೆ ಹೊಸಬರಿಗೆ ಬಾಯಿಂದಲೇ ಬಿಡಿಸುತ್ತೇನೆ.

ಕೇಂದ್ರ ಎಂದರೆ ಹೊಟ್ಟೆ ಒಳಗೆಳೆಯುವುದಲ್ಲ

ಪಿಲಾಟೀಸ್ ಅವರ ಶಿಷ್ಯಪರಂಪರೆ ದೇಹದ ನಡುಭಾಗವನ್ನು ಪವರ್‌ಹೌಸ್ ಎಂದು ಕರೆಯಿತು. ಒಳಗೆ ಅದು ನಾಲ್ಕು ಕಡೆ ಮುಚ್ಚಿದ ಡಬ್ಬಿಯಂತಿದೆ: ಮೇಲೆ ಎದೆಗೂ ಹೊಟ್ಟೆಗೂ ನಡುವೆ ಪರದೆಯಂತಿರುವ ವಪೆ, ಕೆಳಗೆ ಶ್ರೋಣಿ ತಳದ ಸ್ನಾಯುಗಳು, ಸುತ್ತಲೂ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ಎಂಬ, ನಡುಪಟ್ಟಿಯಂತೆ ಅಡ್ಡಡ್ಡ ಸುತ್ತಿರುವ ಸ್ನಾಯು, ಹಿಂದೆ ಬೆನ್ನೆಲುಬಿನ ಮಣಿಗಳನ್ನು ಹಿಡಿದಿರುವ ಮಲ್ಟಿಫಿಡಸ್. ಈ ಹೆಸರುಗಳು ಕಲಿಸುವವರಿಗೆ ಗೊತ್ತಿರಬೇಕು, ಕಲಿಯುವವರ ಕಿವಿಗೆ ಬೀಳಬೇಕಾಗಿಲ್ಲ.

"ಹೊಟ್ಟೆ ಒಳಗೆಳೆಯಿರಿ" ಎಂದು ಹೇಳಿದ ಕೂಡಲೇ ಹೆಣ್ಣುಮಕ್ಕಳು ಸೀರೆಯ ನೆರಿಗೆ ಸಿಗಿಸುವಾಗ ಮಾಡುವಂತೆ ಉಸಿರು ಹಿಡಿದು ಹೊಟ್ಟೆಯನ್ನು ಪಕ್ಕೆಲುಬಿನ ಕೆಳಗೆ ತೂರಿಸಿಬಿಡುತ್ತಾರೆ. ಅದು ನಮಗೆ ಬೇಡ. ಅದರ ಬದಲು ಅವರಿಗೆ ಗೊತ್ತಿರುವ ಇನ್ನೊಂದು ಸ್ಪರ್ಶವನ್ನು ನೆನಪಿಸಿ: ಲಂಗದ ಲಾಡಿಯನ್ನು ಎಂದಿಗಿಂತ ಒಂದು ಬೆರಳಿನಷ್ಟು ಬಿಗಿ ಕಟ್ಟಿದರೆ ಸೊಂಟದ ಸುತ್ತ ಹೇಗಿರುತ್ತದೆಯೋ ಅಷ್ಟು ಬಿಗಿ. ಗಂಡಸರಿಗಾದರೆ ಬೆಲ್ಟಿನ ಒಂದು ತೂತು. ಆ ಬಿಗಿಯಲ್ಲಿಯೇ ಹೆಸರು, ಊರು ಹೇಳಲು ಬರಬೇಕು. ಮಾತು ತಡವರಿಸಿದರೆ ಬಿಗಿ ಹೆಚ್ಚಾಯಿತು. ಸರಿಯಾಗಿದೆಯೋ ಇಲ್ಲವೋ ಎಂದು ತಾವೇ ನೋಡಿಕೊಳ್ಳಲು, ಸೊಂಟದ ಎರಡು ಮುಂದಿನ ಎಲುಬಿನ ತುದಿಗಳಿಂದ ಎರಡು ಬೆರಳು ಒಳಕ್ಕೆ ಒತ್ತಿ ಹಿಡಿದು ಮೆಲ್ಲಗೆ ಕೆಮ್ಮಲಿ. ಬೆರಳಿನ ಕೆಳಗೆ ಗಡುಸಾದದ್ದು ತಿಳಿಯುತ್ತದೆ; ಈಗ ಕೆಮ್ಮದೆ, ನೀಳವಾಗಿ ಉಸಿರು ಬಿಡುತ್ತ ಅದರಲ್ಲಿ ಸ್ವಲ್ಪವನ್ನಷ್ಟೇ ಮರಳಿ ತರಬೇಕು.

ಶ್ರೋಣಿಯ ಸಮಸ್ಥಿತಿಯನ್ನು ಕಲಿಸಲು ನಾನು ಬಳಸುವ ಸಲಕರಣೆ ಅಡುಗೆಮನೆಯದು. ಮೊಣಕಾಲು ಮಡಚಿ, ಪಾದಗಳನ್ನು ಒಂದು ಗೇಣು ಅಗಲಿಸಿ, ಅಂಗಾತ ಮಲಗಿದವರ ಕಿಬ್ಬೊಟ್ಟೆಯ ಮೇಲೆ ಒಂದು ಸ್ಟೀಲಿನ ಗಂಗಾಳವನ್ನಿಟ್ಟು ಅದರಲ್ಲಿ ಒಂದು ನಿಂಬೆಹಣ್ಣು ಇಡಿ. ನಡ ನೆಲಕ್ಕೆ ಒತ್ತಿದರೆ ಹಣ್ಣು ಹೊಕ್ಕಳಿನ ಕಡೆ ಉರುಳುತ್ತದೆ, ನಡ ಕಮಾನಿನಂತೆ ಎತ್ತಿದರೆ ಕಾಲಿನ ಕಡೆ ಉರುಳುತ್ತದೆ. ಎರಡು ಕಡೆಗೂ ನಾಲ್ಕು ಸಲ ಉರುಳಿಸಿ ಕೊನೆಗೆ ನಡುವೆ ನಿಲ್ಲಿಸಲು ಹೇಳಿ. ಅದೇ ಸಮಸ್ಥಿತಿ. ನಡದ ಕೆಳಗೆ ಸಣ್ಣ ಸಂದು ಉಳಿದಿರುತ್ತದೆ, ಅದನ್ನು ಮುಚ್ಚಬೇಕಾಗಿಲ್ಲ. ಮೊದಮೊದಲು ಎಲ್ಲರೂ ನಗುತ್ತಾರೆ, ನಗುವಾಗ ಹಣ್ಣು ಕೆಳಗೆ ಬೀಳುತ್ತದೆ. ಆದರೆ ಶ್ರೋಣಿ, ಜಘನಾಸ್ಥಿ ಎಂದು ಅರ್ಧ ಗಂಟೆ ವಿವರಿಸಿದರೂ ಆಗದ ಕೆಲಸ ಎರಡು ನಿಮಿಷದಲ್ಲಿ ಆಗಿರುತ್ತದೆ.

ಇದರ ಹಿಂದೆ ಒಂದು ಶಾಸ್ತ್ರೀಯ ಕಾರಣವೂ ಇದೆ. ಚಲನೆಯ ಕಲಿಕೆಯನ್ನು ಕುರಿತು ಸಂಶೋಧನೆ ನಡೆಸಿದ ಗೇಬ್ರಿಯೆಲ್ ವುಲ್ಫ್ ಮತ್ತು ಅವರ ಸಂಗಡಿಗರು, ಕಲಿಯುವವರ ಗಮನ ತಮ್ಮ ಸ್ನಾಯುವಿನ ಮೇಲಿರುವುದಕ್ಕಿಂತ ಚಲನೆಯಿಂದ ಹೊರಗೆ ಆಗುವ ಪರಿಣಾಮದ ಮೇಲಿದ್ದಾಗ ಕಲಿಕೆ ಸಾಮಾನ್ಯವಾಗಿ ಚುರುಕಾಗುತ್ತದೆ ಎಂಬುದನ್ನು ಹಲವು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ನಿಂಬೆಹಣ್ಣನ್ನು ನೋಡುವವರು ಸೊಂಟವನ್ನು ಮರೆಯುತ್ತಾರೆ, ಸೊಂಟ ಆಗ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ಹೇಳುವ ಮಾತು

ಕಲಿಸುವ ವಿದ್ಯೆಯ ಬಹುಪಾಲು ಇಲ್ಲಿದೆ, ತಪ್ಪುಗಳೂ ಇಲ್ಲಿಯೇ ಹೆಚ್ಚು. ನಾನು ಕಲಿಸಲು ತೊಡಗಿದ ಹೊಸದರಲ್ಲಿ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಬಿಡುವ ಉತ್ಸಾಹವಿತ್ತು. ಹೊಲಿಗೆ ಕೆಲಸದ ಒಬ್ಬ ತಾಯಿ ಮಲಗಿ ಒಂದು ಕಾಲು ಎತ್ತುತ್ತಿದ್ದಾಗ, ಹೆಗಲು ಸಡಿಲಿಸಿ, ಗದ್ದ ಒಳಗೆ, ಪಕ್ಕೆಲುಬು ಕೆಳಗೆ, ಸೊಂಟ ಅಲುಗಿಸಬೇಡಿ, ಉಸಿರು ಬಿಡಿ ಎಂದು ಒಂದೇ ಉಸಿರಿನಲ್ಲಿ ಐದು ಮಾತು ಹೇಳಿದೆ. ಆಕೆ ಕಾಲನ್ನು ಅಲ್ಲಿಯೇ ನಿಲ್ಲಿಸಿ, ಉಸಿರನ್ನೂ ನಿಲ್ಲಿಸಿ, ಮುಖ ಕೆಂಪಾಗಿಸಿಕೊಂಡು, "ಮೇಡಂ, ಎಲ್ಲಾ ಒಮ್ಮಿಗೇ ಹೇಳಿದ್ರ ನಾ ಯಾವ್ದು ಹಿಡೀಲ್ರಿ?" ಎಂದರು. ಎದ್ದು ಕೂತಾಗ ಅವರಿಗೆ ತಲೆ ಸುತ್ತಿತ್ತು. ಅಂದಿನಿಂದ ಒಂದು ಚಲನೆಗೆ ಒಂದೇ ತಿದ್ದುಪಡಿ ಎಂಬ ಕಟ್ಟು ಹಾಕಿಕೊಂಡಿದ್ದೇನೆ. ಐದು ತಪ್ಪು ಕಂಡರೂ, ಯಾವುದನ್ನು ತಿದ್ದಿದರೆ ಉಳಿದವುಗಳಲ್ಲಿ ಎರಡಾದರೂ ತಾವಾಗಿ ಸರಿಹೋಗುತ್ತವೆಯೋ ಅದನ್ನು ಹುಡುಕಿ ಅದೊಂದನ್ನೇ ಹೇಳಬೇಕು. ಹೆಚ್ಚಿನ ಸಲ ಆ ಒಂದು ಉಸಿರೇ ಆಗಿರುತ್ತದೆ. ಆದರೆ ನೋವು ತರುವ, ಗಾಯ ಮಾಡುವ ತಪ್ಪಿದ್ದರೆ ಈ ಲೆಕ್ಕಾಚಾರ ಬೇಡ, ಚಲನೆಯನ್ನೇ ಅಲ್ಲಿಗೆ ನಿಲ್ಲಿಸಿ.

ಮಾತಿಗೆ ಒಂದು ಕ್ರಮವಿರಲಿ. ಮೊದಲು ದೇಹವನ್ನು ಇಡುವ ಬಗೆ, ಆಮೇಲೆ ಯಾವ ಉಸಿರಿಗೆ ಹೊರಡಬೇಕೆಂಬುದು, ಆಮೇಲೆ ಯಾವ ಭಾಗ ಎಲ್ಲಿಗೆ ಹೋಗಬೇಕೆಂಬುದು. ತಿದ್ದುವುದು ಎರಡು ಮೂರು ಸಲ ಮಾಡಿದ ಮೇಲೆ. "ಮಾಡಬೇಡಿ" ಎಂಬ ಮಾತನ್ನು ಆದಷ್ಟು ಕಡಿಮೆ ಮಾಡಿ. ಹೆಗಲು ಎತ್ತಬೇಡಿ ಎಂದರೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಕಿವಿಗೂ ಹೆಗಲಿಗೂ ನಡುವೆ ಜಾಗ ಬಿಡಿ ಎಂದರೆ ತಿಳಿಯುತ್ತದೆ. ಹೋಲಿಕೆಗಳು ಅವರ ದಿನದ ಬದುಕಿನಿಂದ ಬರಲಿ. ಬೆನ್ನೆಲುಬನ್ನು ಮಣಿಯೊಂದೊಂದಾಗಿ ಇಳಿಸಲು ನಾನು "ಸುತ್ತಿಟ್ಟ ಚಾಪೆಯನ್ನು ನೆಲಕ್ಕೆ ಬಿಚ್ಚಿದ ಹಾಗೆ" ಎನ್ನುತ್ತೇನೆ. ರೊಟ್ಟಿ ಬಡಿಯುವಾಗ ಅಂಗೈಗೆ ಮೊಣಕೈ ಗಡುಸಾಗದಂತೆ ಲಯ ಸಿಗುತ್ತದಲ್ಲ, ಅಂಗಾತ ಮಲಗಿ ಕೈಗಳನ್ನು ನೂರು ಸಲ ಮೇಲೆ ಕೆಳಗೆ ಬಡಿಯುವ ಹಂಡ್ರೆಡ್ ವ್ಯಾಯಾಮಕ್ಕೆ ಅದೇ ಹೋಲಿಕೆ, ಕೈ ಎತ್ತರ ಮಾತ್ರ ನಾಲ್ಕು ಬೆರಳು ಮೀರದಿರಲಿ.

ಪದಗಳೂ ಅವರವೇ ಆಗಲಿ. ಕತ್ತಿನ ಹಿಂಭಾಗ ಎನ್ನುವುದಕ್ಕಿಂತ ಹೆಡಕು ಎಂದರೆ, ಸೊಂಟ ಎನ್ನುವುದಕ್ಕಿಂತ ನಡ ಎಂದರೆ ಕೈ ನೇರವಾಗಿ ಆ ಜಾಗಕ್ಕೇ ಹೋಗುತ್ತದೆ. ಬಳ್ಳಾರಿ, ರಾಯಚೂರಿನ ತರಗತಿಗಳಲ್ಲಿ ಕನ್ನಡದ ಜೊತೆಗೆ ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರು ಇದ್ದೇ ಇರುತ್ತಾರೆ. ಅವರಿಗಾಗಿ ಮಾತು ಕಡಿಮೆ ಮಾಡಿ, ಮಾಡಿ ತೋರಿಸುವುದನ್ನು ಹೆಚ್ಚಿಸಬೇಕು. ತೋರಿಸುವಾಗ ನಿಮ್ಮ ಮಗ್ಗುಲು ಕಲಿಯುವವರಿಗೆ ಕಾಣುವಂತೆ ಮಲಗಿದರೆ ಬೆನ್ನಿನ ಗೆರೆ ಎಲ್ಲರಿಗೂ ಕಾಣುತ್ತದೆ. ಒಮ್ಮೆ ತೋರಿಸಿದ ಮೇಲೆ ಎದ್ದುಬಿಡಿ: ಮಲಗಿಕೊಂಡೇ ಜೊತೆಗೆ ಮಾಡುತ್ತಿರುವ ಬೋಧಕರಿಗೆ ಸೂರು ಮಾತ್ರ ಕಾಣುತ್ತಿರುತ್ತದೆ.

ಮುಟ್ಟಿ ತಿದ್ದುವುದು ಪರಿಣಾಮಕಾರಿ, ಆದರೆ ಪ್ರತಿ ಸಲವೂ ಒಪ್ಪಿಗೆ ಕೇಳಿಯೇ ಮುಟ್ಟಬೇಕು, ಮುಟ್ಟುವುದು ಎಲ್ಲಿ ಎಂದು ಮೊದಲೇ ಹೇಳಬೇಕು. ಗಂಡಸರು ಹೆಣ್ಣುಮಕ್ಕಳಿಗೆ ಕಲಿಸುವ ಸಂದರ್ಭದಲ್ಲಿ ಮುಟ್ಟದಿರುವುದೇ ಲೇಸು. ಅವರ ಕೈಯನ್ನೇ ಅವರ ಪಕ್ಕೆಲುಬಿನ ಮೇಲೆ ಇರಿಸಿಕೊಳ್ಳಲು ಹೇಳಿ, ಅಥವಾ ಮಡಚಿದ ಟವೆಲನ್ನು ಬೆನ್ನ ಕೆಳಗೆ ಇರಿಸಿ "ಇದನ್ನು ಒತ್ತಿ" ಎಂದರೆ ಅಷ್ಟೇ ಫಲ ಸಿಗುತ್ತದೆ.

ಒಂದು ವ್ಯಾಯಾಮವನ್ನು ಕಲಿಸುವ ಪರಿ

ಉದಾಹರಣೆಗೆ ಬ್ರಿಜ್, ಅಂದರೆ ಮಲಗಿದಲ್ಲೇ ಸೊಂಟವನ್ನು ಸೇತುವೆಯಂತೆ ಮೇಲೆತ್ತುವ ವ್ಯಾಯಾಮ, ತೆಗೆದುಕೊಳ್ಳೋಣ. ಅಂಗಾತ ಮಲಗಿ, ಮೊಣಕಾಲು ಮಡಚಿ, ಹಿಮ್ಮಡಗಳನ್ನು ಪೃಷ್ಠದಿಂದ ಒಂದೂವರೆ ಗೇಣು ದೂರವಿರಿಸಿ, ಕೈಗಳನ್ನು ಬದಿಗೆ ಚಾಚಲು ಹೇಳಿ. ಮೊದಲ ವಾರ ಎತ್ತಿಸುವುದೇ ಬೇಡ. ಉಸಿರೆಳೆದು ಸಿದ್ಧರಾಗಿ, ಉಸಿರು ಬಿಡುತ್ತ ನಿಂಬೆಹಣ್ಣನ್ನು ಹೊಕ್ಕಳಿನ ಕಡೆ ಉರುಳಿಸಲಿ, ಉಸಿರೆಳೆಯುತ್ತ ನಡುವಿಗೆ ತರಲಿ. ಎರಡನೆಯ ವಾರ ಗಂಗಾಳ ತೆಗೆದು, ಅದೇ ಚಲನೆಯನ್ನು ಮುಂದುವರಿಸಿ ಬಾಲದೆಲುಬನ್ನು, ಆಮೇಲೆ ನಡವನ್ನು ನೆಲ ಬಿಡಿಸಲಿ, ಅಷ್ಟಕ್ಕೇ ನಿಲ್ಲಿಸಿ. ಮೂರನೆಯ ವಾರ ಹೆಗಲ ರೆಕ್ಕೆಯ ಕೆಳತುದಿಯವರೆಗೆ ಏರಲಿ. ಮೇಲೆ ಒಂದು ಉಸಿರು ಎಳೆದು, ಬಿಡುತ್ತ, ಮೇಲ್ಬೆನ್ನು, ನಡುಬೆನ್ನು, ನಡ, ಕೊನೆಗೆ ಬಾಲದೆಲುಬು ಎಂಬ ಕ್ರಮದಲ್ಲಿ ಚಾಪೆ ಬಿಚ್ಚಿದಂತೆ ಇಳಿಯಲಿ.

ತೊಡೆಯ ಹಿಂದೆ ಸ್ನಾಯು ಹಿಡಿದುಕೊಂಡರೆ ಹಿಮ್ಮಡ ದೂರವಾಗಿದೆ, ನಾಲ್ಕು ಬೆರಳು ಹತ್ತಿರ ತರಿಸಿ. ಮೊಣಕಾಲು ಹೊರಕ್ಕೆ ಜಾರುತ್ತಿದ್ದರೆ ನಡುವೆ ಮಡಚಿದ ಟವೆಲ್ ಹಿಡಿಸಿ. ಮೇಲೇರಿದಾಗ ಪಕ್ಕೆಲುಬು ಉಬ್ಬಿ ನಡ ಕಮಾನಾಗುವುದು ಎಲ್ಲರೂ ಮಾಡುವ ತಪ್ಪು. ಅವರಿಗೆ ಎತ್ತರ ಸಾಲದೆಂಬ ಆಸೆ. ಎತ್ತರವನ್ನು ಒಂದು ಗೇಣು ಇಳಿಸಿದರೆ ಸರಿಯಾಗುತ್ತದೆ. ಕುತ್ತಿಗೆಯ ನೋವಿರುವವರು ಮೇಲಿದ್ದಾಗ ಅತ್ತಿತ್ತ ತಲೆ ತಿರುಗಿಸದಂತೆ ನೋಡಿಕೊಳ್ಳಿ.

ಮೂರು ವಾರ ಒಂದೇ ವ್ಯಾಯಾಮವೇ ಎಂದು ಕಲಿಯುವವರು ಕೇಳುತ್ತಾರೆ. ಗರಡಿ ಮನೆಯ, ಜಿಮ್ಮಿನ ಲೆಕ್ಕ ನಮ್ಮ ಊರಿನಲ್ಲಿ ಆಳವಾಗಿದೆ: ಎಷ್ಟು ದಂಡ ಹೊಡೆದೆ, ಎಷ್ಟು ಬಸ್ಕಿ ತೆಗೆದೆ ಎಂಬುದೇ ಅಳತೆ. ಪಿಲಾಟೀಸಿನ ಹಿಡಿತ ಮತ್ತು ಖಚಿತತೆ ಎಂಬ ಎರಡು ತತ್ತ್ವಗಳು ಈ ಲೆಕ್ಕವನ್ನು ತಿರುಗಿಸಿ ಹಾಕುತ್ತವೆ. ಐದು ಸಲ ಎಂದು ನಿಗದಿಯಾಗಿದ್ದು ನಾಲ್ಕನೆಯದರಲ್ಲಿ ಆಕಾರ ಕೆಟ್ಟರೆ ಮೂರಕ್ಕೇ ನಿಲ್ಲಿಸಬೇಕು. ಕೆಟ್ಟ ನಾಲ್ಕನೆಯದನ್ನೂ ದೇಹ ಅಷ್ಟೇ ಶ್ರದ್ಧೆಯಿಂದ ಕಲಿತುಬಿಡುತ್ತದೆ. ಕಲಿಕೆ ಮೂರು ಹಂತಗಳಲ್ಲಿ ಸಾಗುತ್ತದೆಂದು ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ವಿವರಿಸಿದರು. ಮೊದಲು ಯೋಚಿಸಿ ಯೋಚಿಸಿ ಮಾಡುವುದು, ಆಮೇಲೆ ತಪ್ಪು ಕಡಿಮೆಯಾಗುತ್ತ ಹೋಗುವುದು, ಕೊನೆಗೆ ಯೋಚಿಸದೆಯೇ ಆಗುವುದು. ಏಕಾಗ್ರತೆ ಎಂಬ ತತ್ತ್ವ ಮೊದಲ ಹಂತದ ಆಹಾರ. ಆ ಹಂತದಲ್ಲಿರುವವರಿಗೆ ಹಿನ್ನೆಲೆಯಲ್ಲಿ ಹಾಡು ಹಾಕಬೇಡಿ ಎಂಬುದು ನನ್ನ ಸಲಹೆ, ಇದನ್ನು ಒಪ್ಪದ ಬೋಧಕರೂ ಇದ್ದಾರೆ.

ಯಾರಿಗೆ ಏನು ಬೇಡ

ಮೂಲ 34 ವ್ಯಾಯಾಮಗಳ ಸಾಲು ಹಂಡ್ರೆಡ್‌ನಿಂದ ಶುರುವಾಗುತ್ತದೆ: ತಲೆ, ಕಾಲು ಎತ್ತಿ, ಐದು ಬಡಿತಕ್ಕೆ ಉಸಿರೆಳೆದು ಐದು ಬಡಿತಕ್ಕೆ ಬಿಡುತ್ತ ಹತ್ತು ಸುತ್ತು. ಪುಸ್ತಕದಲ್ಲಿ ಮೊದಲಿದೆ ಎಂಬ ಕಾರಣಕ್ಕೆ ಹೊಸಬರಿಗೆ ಇದನ್ನು ಮೊದಲು ಕೊಡಬೇಡಿ. ತಲೆ ನೆಲದ ಮೇಲೆ, ಪಾದ ನೆಲದ ಮೇಲೆ ಇಟ್ಟುಕೊಂಡೇ ಬಡಿತ ಮತ್ತು ಉಸಿರನ್ನಷ್ಟೇ ಕಲಿಸಿದರೆ ಒಂದು ತಿಂಗಳು ಸಾಕಾಗುವಷ್ಟು ಕೆಲಸವಿದೆ.

ಎಲುಬು ಸವೆದು ಟೊಳ್ಳಾದವರಿಗೆ ಬೆನ್ನು ಸುತ್ತುವ ರೋಲ್ ಅಪ್, ಚೆಂಡಿನಂತೆ ಉರುಳುವುದು ಮುಂತಾದವು ಪೂರ್ತಿ ವರ್ಜ್ಯ. ಬೆನ್ನೆಲುಬಿನ ಮಣಿಯ ಮುಂಭಾಗ ಒತ್ತಡಕ್ಕೆ ಕುಸಿಯಬಹುದು. ಬ್ರಿಜ್ ಮಾಡಿದರೂ ಬೆನ್ನನ್ನು ಸುತ್ತದೆ, ಹಲಗೆಯಂತೆ ನೇರವಾಗಿ ಎತ್ತಿ ಇಳಿಸಲಿ. ಡಿಸ್ಕ್ ಜರುಗಿದವರಿಗೂ ಮುಂದಕ್ಕೆ ಬಾಗುವುದನ್ನು ವೈದ್ಯರು ಒಪ್ಪುವವರೆಗೆ ಬಿಡಿ. ಗರ್ಭಿಣಿಯರನ್ನು ವೈದ್ಯರ ಒಪ್ಪಿಗೆಯಿಲ್ಲದೆ ಸೇರಿಸಿಕೊಳ್ಳಬೇಡಿ, ಮೂರು ತಿಂಗಳಾದ ಮೇಲೆ ಹೆಚ್ಚು ಹೊತ್ತು ಅಂಗಾತ ಮಲಗಿಸಬೇಡಿ. ಹೆರಿಗೆಯಾದವರಲ್ಲಿ ತಲೆ ಎತ್ತಿದಾಗ ಹೊಕ್ಕಳಿನ ಉದ್ದಕ್ಕೂ ಹೊಟ್ಟೆ ಏಣಿನಂತೆ ಉಬ್ಬಿದರೆ ನಡುವಿನ ಸ್ನಾಯುಗಳು ಇನ್ನೂ ಕೂಡಿಲ್ಲವೆಂದರ್ಥ. ತಲೆ ಎತ್ತುವ ವ್ಯಾಯಾಮಗಳನ್ನು ಸದ್ಯಕ್ಕೆ ಬದಿಗಿಟ್ಟು ಉಸಿರು ಮತ್ತು ಶ್ರೋಣಿ ತಳದ ಕೆಲಸಕ್ಕೆ ಮರಳಬೇಕು. ನೆಲಕ್ಕೆ ಇಳಿಯಲಾಗದ ಹಿರಿಯರಿಗೆ ಕೈಯಿಲ್ಲದ ಗಟ್ಟಿ ಕುರ್ಚಿಯೊಂದಿದ್ದರೆ ಉಸಿರು, ಬೆನ್ನು ತಿರುಗಿಸುವುದು, ಕಾಲು ಎತ್ತುವುದು ಎಲ್ಲವೂ ಸಾಧ್ಯ.

ಬಾಗಿ ದುಡಿಯುವವರ ತರಗತಿಯನ್ನು ನಾನು ಹೀಗೆ ಹೊಂದಿಸುತ್ತೇನೆ: ಉಸಿರು, ಸೊಂಟ ಓಲಿಸುವುದು, ಬ್ರಿಜ್, ಮಡಚಿದ ಕಾಲನ್ನು ಒಂದೊಂದಾಗಿ ಎತ್ತುವುದು, ಮಗ್ಗುಲಾಗಿ ಮಲಗಿ ಕಾಲಿನ ಕೆಲಸ, ಆಮೇಲೆ ಬೋರಲು ಮಲಗಿ ಎದೆಯನ್ನು ನಾಲ್ಕು ಬೆರಳಷ್ಟೇ ಎತ್ತುವ ಸ್ವಾನ್, ಇದಕ್ಕೆ ಉಳಿದ ಯಾವುದಕ್ಕಿಂತಲೂ ಹೆಚ್ಚು ಸಮಯ, ನಾಲ್ಕು ಕಾಲಿನ ಮೇಲೆ ನಿಂತು ಎದುರು ಬದಿರು ಕೈಕಾಲು ಚಾಚುವುದು, ಕೊನೆಗೆ ಎದ್ದು ಗೋಡೆಗೆ ಬೆನ್ನು ತಾಗಿಸಿ ನಿಲ್ಲುವುದು. ಎಲ್ಲ ಸೇರಿ 50 ನಿಮಿಷ. ಮುಗಿದ ಮೇಲೆ ಮಷಿನ್ ಮುಂದೆ ಕೂರುವವರಿಗೆ ಸ್ಟೂಲಿನ ಮೇಲೆ ಕೂರಿಸಿ, ಕಲಿತದ್ದನ್ನು ಆ ಭಂಗಿಯಲ್ಲಿ ಎರಡು ಉಸಿರು ಮಾಡಿಸಿ ಕಳಿಸುತ್ತೇನೆ.

ರಿಫಾರ್ಮರ್, ಕ್ಯಾಡಿಲಾಕ್ ಮೊದಲಾದ ಸ್ಪ್ರಿಂಗಿನ ಉಪಕರಣಗಳಿಲ್ಲವೆಂದು ಕೊರಗಬೇಕಾಗಿಲ್ಲ. ನೆಲದ ವ್ಯಾಯಾಮವೇ ಹೆಚ್ಚು ಕಠಿಣ, ಏಕೆಂದರೆ ಸ್ಪ್ರಿಂಗಿನ ಆಸರೆ ಇಲ್ಲಿಲ್ಲ. ನಮ್ಮ ಮನೆಗಳ ಕಲ್ಲು ಹಾಸಿನ ಮೇಲೆ ತೆಳು ಮ್ಯಾಟ್ ಸಾಲದು, ಕೆಳಗೆ ಎರಡು ಮಡಿಕೆ ಜಮಖಾನ ಹಾಕಿ. ಗಾದಿ ಬೇಡ, ಬೆನ್ನು ಅದರಲ್ಲಿ ಹುದುಗಿಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಬೆಳಗಿನ ಆರು ಗಂಟೆಯೇ ಸರಿ. ತಾರಸಿ ಸಂಜೆ ಏಳಕ್ಕೂ ಹಂಚಿನಂತೆ ಕಾದಿರುತ್ತದೆ.

ಹರಿವು

ಆರರಲ್ಲಿ ಇದೊಂದನ್ನು ಕಲಿಸಲು ಹೋಗಬೇಡಿ. ಉಸಿರು, ಹಿಡಿತ, ಖಚಿತತೆ ಕೂಡಿದ ಮೇಲೆ ಒಂದು ಚಲನೆಯ ಕೊನೆ ಇನ್ನೊಂದರ ಮೊದಲಾಗಿ ತಾನೇ ಸೇರಿಕೊಳ್ಳುತ್ತದೆ. ಅದಕ್ಕೂ ಮೊದಲು "ನಿಲ್ಲಿಸದೆ ಮಾಡಿ" ಎಂದರೆ ಅವಸರ ಮಾತ್ರ ಹುಟ್ಟುತ್ತದೆ. ಅದು ಬಂದದ್ದು ಕಣ್ಣಿಗೆ ಕಂಡಾಗ ಕಲಿಸುವವರು ಬಾಯಿ ಮುಚ್ಚಿಕೊಂಡಿರಬೇಕು, ಎಣಿಕೆಯನ್ನೂ ಹೇಳಬಾರದು. ನನಗೆ ಇದು ಇವತ್ತಿಗೂ ಕಷ್ಟ.

ಎರಡು ಮೂರು ತಿಂಗಳಾದ ಮೇಲೆ ಒಂದು ಪ್ರಯೋಗ ಮಾಡಿ ನೋಡಿ. ಅಂದು ಹೊಸದಾಗಿ ಬಂದವರಿಗೆ ಬ್ರಿಜ್ ಹೇಳಿಕೊಡುವಂತೆ ಹಳಬರೊಬ್ಬರಿಗೆ ಒಪ್ಪಿಸಿ, ನೀವು ಗೋಡೆಯ ಬದಿಗೆ ಕೂತುಬಿಡಿ. ನೀವು ಹೇಳಿಕೊಟ್ಟ ಮಾತುಗಳಲ್ಲಿ ಅರ್ಧವನ್ನು ಅವರು ಬಿಟ್ಟಿರುತ್ತಾರೆ, ಅವು ಅವರಿಗೆ ಎಂದೂ ಬೇಕಾಗಿರಲಿಲ್ಲ. ಮೊನ್ನೆ ನನ್ನ ತರಗತಿಯಲ್ಲಿ ಹೀಗೆ ಒಪ್ಪಿಸಿದಾಗ ಆ ಹೊಲಿಗೆಯ ತಾಯಿಯೇ ಹೊಸಬಳ ಪಕ್ಕ ಕೂತು, "ಯವ್ವಾ, ಹೊಲಿಗಿ ಹಾಕಿದಂಗ ಒಂದೊಂದ ಟಾಕಿ ನೆಲಕ್ಕ ಇಡು, ದಾರ ಜಗ್ಗಬ್ಯಾಡ" ಎಂದರು. ಚಾಪೆಯ ಹೋಲಿಕೆಗಿಂತ ಅದು ಚೆನ್ನಾಗಿತ್ತು. ಹೊಲಿಗೆಯವರ ತಂಡಕ್ಕೆ ಈಗ ನಾನೂ ಅದನ್ನೇ ಹೇಳುತ್ತೇನೆ.